ನನ್ನ ಬಾಯಿಂದ ಬ್ಯಾಡ್ರಿ

ಶಿವಲಿಂಗ ಮಾಸ್ತರನ ಮಗಳು ಸುನಂದಾಳ ಲಗ್ನ ತಪ್ಪಿಸಿದವನು ನಾನು. ಗಂಡಿನ ಕಡೆಯವರ ಆಸೆಬುರುಕತನವಲ್ಲ, ಹುಡುಗಿಯ ನಸೀಬವಲ್ಲ, ಅವಳ ತಾಯಿಯ ಕೈಮೇಲಿನ ಬಿಳಿ ಕಲೆಯಂತೂ ಅಲ್ಲವೇ ಅಲ್ಲ — ನಾನು. ಬಸವಣ್ಣೆಪ್ಪ. ಹಳೇ ಹುಬ್ಬಳ್ಳಿಯಲ್ಲಿ ಶಾಮಿಯಾನಾ, ಮಂಟಪ, ಡೆಕೋರೇಶನ್ ಕೆಲಸ ಮಾಡುವವನು. ಸಾವಿರ ಲಗ್ನಗಳಿಗೆ ಕಮಾನು ಕಟ್ಟಿದ ಕೈ ಇದು. ಒಂದು ಲಗ್ನ ಕೆಡಿಸಲು ಕೈಯನ್ನೇನೂ ಎತ್ತಬೇಕಾಗಲಿಲ್ಲ.

ಒಂಬತ್ತು ವರ್ಷವಾಯಿತು. ಈಗ ಬರೆಯುತ್ತಿದ್ದೇನೆ ಅಂದಮಾತ್ರಕ್ಕೆ ನನ್ನ ಮನಸ್ಸು ದೊಡ್ಡದು ಅಂತ ತಿಳಿಯಬೇಡಿ. ಬರೆಯದೆ ಬೇರೆ ದಾರಿ ಉಳಿದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟವನ ಬರಹ; ತಪ್ಪಿದ್ದರೆ ತಿದ್ದಿಕೊಳ್ಳಿ. ನಗುವುದಿದ್ದರೆ ನಗಿ. ಆಗಲೂ ನಕ್ಕವರೇ ಅಲ್ಲವೇ ನೀವು?

ಯಾಕೆಂದರೆ ಇದೆಲ್ಲ ಶುರುವಾದದ್ದು ಒಂದು ಟೀವಿ ಸೀರಿಯಲ್ಲಿನಿಂದ. 'ಹತ್ತ ಮಂದಿ ಒಂದ ಒಲಿ' — ನೆನಪಿರಬೇಕು. ಸಂಜೆ ಏಳೂವರೆಗೆ ನಮ್ಮ ಓಣಿಯಲ್ಲಿ ಒಂದು ಮನೆಯಲ್ಲೂ ಬೇರೆ ಸದ್ದು ಇರುತ್ತಿರಲಿಲ್ಲ. ನಮ್ಮ ಕಡೆಯದೇ ಒಂದು ತುಂಬಿದ ಮನೆ. ಕಿರಾಣಿ ಅಂಗಡಿಯ ಗುರಸಿದ್ಧಪ್ಪ ಕಾಕಾ, ಅವನ ಪ್ರತಿ ಮಾತಿಗೂ ಮರುಮಾತು ಇಟ್ಟುಕೊಂಡೇ ಇರುತ್ತಿದ್ದ ಹೆಂಡತಿ ತಾರಕ್ಕ, ತನಗೆ ಬೇಕಾದದ್ದು ಮಾತ್ರ ಕೇಳಿಸುವ ಮುದುಕಿ, ಎರಡು ದಿನಕ್ಕೆಂದು ಬಂದು ಮೂರು ವರ್ಷ ಉಳಿದ ಅಳಿಯ. ಅಲ್ಲಿಯವರೆಗೆ ಟೀವಿಯಲ್ಲಿ ನಮ್ಮ ಮಾತು ಆಡಬೇಕಾದರೆ ಒಬ್ಬ ರೌಡಿ ಬರಬೇಕಿತ್ತು, ಇಲ್ಲವೇ ಒಬ್ಬ ಕೆಲಸದಾಳು. ಈ ಸೀರಿಯಲ್ಲಿನಲ್ಲಿ ಮನೆಯ ಯಜಮಾನನೇ ನಮ್ಮಂತೆ ಮಾತಾಡಿದ. ನನಗೆ ಎಷ್ಟು ಹೆಮ್ಮೆಯಾಗಿತ್ತು ಅಂದರೆ — ಬಿಡಿ.

ನಾನೂ ನನ್ನ ಹೆಂಡತಿ ಗೌರವ್ವಳೂ ಅದನ್ನು ನೋಡುತ್ತಿದ್ದದ್ದು ಮಾಸ್ತರನ ಮನೆಯ ಪಡಸಾಲೆಯಲ್ಲಿ. ಗೋಡೆಗೆ ಗೋಡೆ ಹತ್ತಿದ ಮನೆ. ಮಾಸ್ತರ, ನಾನು ಒಂದೇ ಬೆಂಚಿನಲ್ಲಿ ಕೂತು ಕಲಿತವರು. ನಮ್ಮಪ್ಪ ಹಾಸಿಗೆ ಹಿಡಿದಾಗ ನಾನು ಸಾಲಿ ಬಿಟ್ಟೆ; ಅವನು ಕಲಿತು ಹೈಸ್ಕೂಲ್ ಮಾಸ್ತರನಾದ. ಅವನ ಹೆಂಡತಿ ನೀಲಾ ವೈನಿ ಚುರುಮುರಿಯ ಗಿರಮಿಟ್ ಮಾಡಿ ಎಲ್ಲರಿಗೂ ತಾಟು ಹಂಚುತ್ತಿದ್ದರು. ಅವರ ಬಲಗೈಯಿಂದ ಕುತ್ತಿಗೆಯವರೆಗೆ ತೊನ್ನು. ನಮಗೆ ಅದು ಕಾಣುತ್ತಲೇ ಇರಲಿಲ್ಲ. ಆ ಕೈಯಿಂದ ನಾನು ಉಂಡ ಅನ್ನಕ್ಕೆ ಲೆಕ್ಕವಿಲ್ಲ.

ಹೀಗೆ ಒಂದು ಸಂಜೆ. ಗುರಸಿದ್ಧಪ್ಪ ಕಾಕಾ ತನ್ನ ಕೂತುಣ್ಣುವ ಅಳಿಯನಿಗೆ ಡೆಕೋರೇಶನ್ ಧಂಧೆ ಹಾಕಿಕೊಡಲು ಹೊರಟಿದ್ದಾನೆ. ಪರವಾನಗಿಗೆಂದು ಕಚೇರಿಗೆ ಹೋಗಿದ್ದಾನೆ. ಸಾಹೇಬ ಕೇಳುತ್ತಾನೆ, "ಡಿಕ್ಲರೇಶನ್ ಎಲ್ಲೈತಿ?" ಕಾಕಾ ಎದೆ ಉಬ್ಬಿಸಿ, "ಡೆಕೋರೇಶನ್ ನಮ್ಮದs ಐತ್ರಿ ಸಾಹೇಬ್ರ! ಹೂವಿಂದ ಬೇಕೋ, ಬಟ್ಟೀದ ಬೇಕೋ?" ಅನ್ನುತ್ತಾನೆ.

ಪಡಸಾಲೆ ನಕ್ಕು ಬಿದ್ದಿತು. ಸುನಂದಾ ಹೊಟ್ಟೆ ಹಿಡಿದುಕೊಂಡಳು. ನನ್ನ ಕೈಯಲ್ಲಿನ ಚುರುಮುರಿ ಹಾಗೇ ಉಳಿಯಿತು.

ಆ ಮಾತು ನನ್ನದು. ಹೌದು, ಅಕ್ಷರಕ್ಕೆ ಅಕ್ಷರ ನನ್ನದು. ಅದಕ್ಕೂ ಎರಡು ವರ್ಷ ಹಿಂದೆ ಗೋದಾಮಿನ ಕರೆಂಟ್ ಮೀಟರಿಗೆಂದು ಅರ್ಜಿ ಹಿಡಿದು ಒಂದು ಕಚೇರಿಗೆ ಹೋಗಿದ್ದೆ. ಫಾರ್ಮು ತುಂಬಿಕೊಡಲು ಮಾಸ್ತರ ಜೊತೆಗಿದ್ದ. ಸಾಹೇಬ ಡಿಕ್ಲರೇಶನ್ ಅಂದದ್ದು ನನಗೆ ಡೆಕೋರೇಶನ್ ಅಂತ ಕೇಳಿಸಿತು. ಅವನ ಮಗಳ ಲಗ್ನ ತೆಗೆದಿರಬೇಕು ಅಂದುಕೊಂಡು, ಹೂವಿಂದ ಬೇಕೋ ಬಟ್ಟೀದ ಬೇಕೋ ಅಂದೆ. ಇಡೀ ಕಚೇರಿ ನಕ್ಕಿತು. ಬರುವಾಗ ಮಾಸ್ತರ ನಗು ತಡೆಯಲಾರದೆ ದುರ್ಗದಬೈಲಿನಲ್ಲಿ ಸ್ಕೂಟರ್ ನಿಲ್ಲಿಸಿದ. "ಯಾರಿಗೂ ಹೇಳಬ್ಯಾಡೋ," ಅಂದೆ. "ಇಲ್ಲೋ ಬಸ್ಯಾ, ನಿನ್ನಾಣಿ," ಅಂದ — ಕಣ್ಣೀರು ಒರೆಸಿಕೊಳ್ಳುತ್ತ. ಆ ನಗು ನೆನಪಾದರೆ ಈಗಲೂ ಮೈ ಉರಿಯುತ್ತದೆ. ಸುಳ್ಳು ಯಾಕೆ ಹೇಳಲಿ?

ಸೀರಿಯಲ್ಲಿನವರಿಗೆ ನಮ್ಮ ಕಡೆಯ ಮಾತು ಬರೆದುಕೊಡುತ್ತಿದ್ದ ಹುಡುಗ ಮಾಸ್ತರನ ಹಳೆಯ ವಿದ್ಯಾರ್ಥಿ. ಆಗಾಗ ಗುರುಗಳ ಮನೆಗೆ ಬಂದು ಹೋಗುತ್ತಿದ್ದ. ಇನ್ನೇನು ಬೇಕು? ಯಾರು ಹೇಳಿಕೊಟ್ಟರು ಅನ್ನುವುದಕ್ಕೆ ಸಾಕ್ಷಿ ಬೇಕೇ? ಕಲಿತವರಿಗೆ ಕಲಿಯದವನು ಅಂದರೆ ಒಂದು ಆಟದ ಸಾಮಾನು — ಹಾಗಂತ ನನ್ನೊಳಗೆ ನಾನೇ ತೀರ್ಪು ಬರೆದೆ. ಕೇಳಲಿಲ್ಲ. ಒಂದು ಸಲ, ಒಂದೇ ಒಂದು ಸಲ "ನೀ ಹೇಳಿದೇನು?" ಅಂತ ಕೇಳಬಹುದಿತ್ತು.

ಮುಂದೆ ಆದದ್ದು ನಿಮಗೂ ಗೊತ್ತು. ಆ ಮಾತು ಊರ ಬಾಯಿಗೆ ಬಿತ್ತು. ಅದು ನನ್ನದೇ ಅಂತ ಊರಿಗೆ ಗೊತ್ತಿರಲಿಲ್ಲ. ಆದರೆ ಡೆಕೋರೇಶನ್ ಧಂಧೆಯವನು ಎದುರಿಗೆ ಸಿಕ್ಕರೆ ಬಿಡುತ್ತದೆಯೇ? ದುರ್ಗದಬೈಲಿನಲ್ಲಿ ಮಂಟಪದ ಅಂಚಿಗೆ ಇಳಿಬಿಡುವ ಝಾಲರಿಗೆಂದು ಬಟ್ಟೆ ಕೊಳ್ಳಲು ಹೋದರೆ ಅಂಗಡಿಯವನು, "ಬರ್ರಿ ಕಾಕಾರ, ಹೂವಿಂದ ಬೇಕೋ ಬಟ್ಟೀದ ಬೇಕೋ?" ನಾನೇ ಕಟ್ಟಿದ ಮಂಟಪದ ಕೆಳಗೆ, ನನ್ನದೇ ಕುರ್ಚಿಯಲ್ಲಿ ಕೂತ ಬೀಗರು, "ಗುರಸಿದ್ಧಪ್ಪಾರು ಬಂದ್ರು ನೋಡ್ರಿ!" ಗಾಳಿಗೆ ನನ್ನ ಒಂದು ಕಂಬ ಮಿಸುಕಿಲ್ಲ ಎಂದೂ. ಅದಕ್ಕೆ ಯಾರೂ ಹೆಸರಿಡಲಿಲ್ಲ. ಒಂದು ಇಂಗ್ಲಿಷ್ ಶಬ್ದ ತಪ್ಪಿದ್ದಕ್ಕೆ ಇಟ್ಟರು.

ಮಾಸ್ತರನ ಪಡಸಾಲೆಗೆ ಹೋಗುವುದನ್ನು ಬಿಟ್ಟೆ. ಬಾಗಿಲಲ್ಲಿ ಸಿಕ್ಕರೆ, "ಯಾಕೋ ಬಸ್ಯಾ, ಸಿಟ್ಟೇನು?" ಅಂತ ಕೇಳುತ್ತಿದ್ದ. "ಸೀಜನ್ ಐತಿ," ಅನ್ನುತ್ತಿದ್ದೆ.

ಅಂಥ ದಿನಗಳಲ್ಲೇ ಅವರು ಬಂದರು. ಧಾರವಾಡದವರು. ಹುಡುಗನ ತಂದೆ ಮತ್ತು ಸೋದರಮಾವ. ಸುನಂದಾಳನ್ನು ನೋಡಿ ಒಪ್ಪಿದ್ದರು. ಹುಡುಗ ಹುಡುಗಿ ಮಾತಾಡಿಕೊಂಡಿದ್ದರು. ಅವಳ ಮುಖ ನೋಡಿದರೆ ಸಾಕಿತ್ತು, ಕೇಳುವುದೇ ಬೇಕಿರಲಿಲ್ಲ. ಒಪ್ಪಿದ ಮೇಲೆ ನೆರೆಹೊರೆಯಲ್ಲಿ ಒಂದು ಮಾತು ಕೇಳಿ ಹೋಗುವುದು ನಮ್ಮಲ್ಲಿಯ ಪದ್ಧತಿ. ನನ್ನ ಗೋದಾಮಿಗೇ ನೆಟ್ಟಗೆ ಬಂದರು. ನಾನು ನೆಲದ ಮೇಲೆ ಕೂತು ಝಾಲರ ಮಡಚುತ್ತಿದ್ದೆ.

"ನೀವು ಮಾಸ್ತರ ಖಾಸಾ ದೋಸ್ತರಂತ," ಅಂದರು ತಂದೆ. "ಮನಿತನ ಹೆಂಗ್ರಿ? ನಿಮಗಿಂತ ಛಲೋ ಯಾರಿಗೆ ಗೊತ್ತಿರ್ತದ?"

ನಾನು ಝಾಲರ ಮಡಚುವುದನ್ನು ನಿಲ್ಲಿಸಲಿಲ್ಲ. ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತು ಬಿಟ್ಟೆ — ಬೇಕಂತಲೇ ಬಿಟ್ಟೆ. ಆಮೇಲೆ ಅಂದೆ:

"ನನ್ನ ಬಾಯಿಂದ ಬ್ಯಾಡ್ರಿ."

ಇಷ್ಟೇ. ಬೇರೆ ಕಡೆಯವರಿಗೆ ಇದು ಏನೂ ಅಲ್ಲದ ಮಾತು ಅನ್ನಿಸಬಹುದು. ನಮ್ಮಲ್ಲಿ ಹಾಗಲ್ಲ. ಬಾಯಿತುಂಬ ಬೈದರೆ, ಇವನಿಗೆ ಅವರ ಮೇಲೆ ಹೊಟ್ಟೆಕಿಚ್ಚು ಅಂತ ಬಿಟ್ಟು ಹೋಗುತ್ತಿದ್ದರು. ಹೊಗಳಿದರೆ ದೋಸ್ತ ಅಂತ ಅರ್ಧ ನಂಬುತ್ತಿದ್ದರು. 'ನನ್ನ ಬಾಯಿಂದ ಬ್ಯಾಡ' ಅಂದರೆ ಮಾತ್ರ ಪೂರ್ತಿ ನಂಬುತ್ತಾರೆ. ಮಾನವಂತ ಮನುಷ್ಯ, ಹೇಳಲಾರದಂಥದ್ದು ಏನೋ ಇದೆ, ಪಾಪ ನುಂಗಿಕೊಂಡ ಅನ್ನುತ್ತಾರೆ. ಏನು ಅಂತ ನಾನು ಹೇಳಬೇಕಾಗಿಲ್ಲ. ಅವರ ತಲೆಯೇ ತುಂಬಿಕೊಳ್ಳುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಮಾತು ಆರಿಸಿದೆ, ಹಗ್ಗ ಆರಿಸುವ ಹಾಗೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೋದರಮಾವ ತನ್ನ ಫೋನ್ ನಂಬರ್ ಬರೆದುಕೊಟ್ಟ. "ಸೋಮವಾರ ತಿಳಸ್ತೀವಂತ ಹೇಳೇವ್ರಿ ಅವರಿಗೆ. ಅಷ್ಟರಾಗ ಹೇಳಬೇಕನಿಸಿದ್ರ ಹೇಳ್ರಿ," ಅಂದ. ಅಂದು ಬುಧವಾರ.

ಗುರುವಾರ ಮಧ್ಯಾಹ್ನ ಆ ಬರೆಯುವ ಹುಡುಗ, ಮಾಸ್ತರನ ವಿದ್ಯಾರ್ಥಿ, ಗೋದಾಮಿಗೆ ಬಂದ. ಸೀರಿಯಲ್ಲಿನಲ್ಲಿ ಇನ್ನೊಂದು ಲಗ್ನದ ಸೀನ್ ಇದೆ, ಮಂಟಪ ಬೇಕು ಅಂತ. ಹಿಂದೆಯೂ ಒಂದು ಸಲ, ಆ ಡಿಕ್ಲರೇಶನ್ ಸೀನ್ ಟೀವಿಯಲ್ಲಿ ಬರುವ ಮೊದಲು, ಅವರ ಶೂಟಿಂಗಿಗೆ ನಾನೇ ಮಂಟಪ ಹಾಕಿದ್ದೆ. ಹುಡುಗ ಕುರ್ಚಿ ಎಳೆದುಕೊಂಡು ಕೂತು ನಕ್ಕ.

"ಕಾಕಾರ, ಅವತ್ತು ಊಟಕ್ಕ ಕುಂತಾಗ ನೀವು ಒಂದು ಕಥಿ ಹೇಳಿದ್ರಿ ನೋಡ್ರಿ, ಗದಗಿನ ಡೆಕೋರೇಶನ್‌ದಾಂವಂದು? ಭಾಳ ಹಿಟ್ ಆತ್ರಿ ಅದು!"

ಗದಗಿನ ಡೆಕೋರೇಶನ್‌ದವ.

ಹೌದು. ಹೇಳಿದ್ದೆ. ಆ ಶೂಟಿಂಗಿನ ದಿನ ಗುರಸಿದ್ಧಪ್ಪ, ತಾರಕ್ಕ ಎಲ್ಲರೂ ನನ್ನ ಪಂಕ್ತಿಯಲ್ಲೇ ಊಟಕ್ಕೆ ಕೂತಿದ್ದರು. ದಿನಾ ಟೀವಿಯಲ್ಲಿ ನೋಡುವ ಮುಖಗಳು ನನ್ನ ಮಾತಿಗೆ ನಗುತ್ತಿದ್ದವು. ಇನ್ನೂ ನಗಿಸಬೇಕು ಅನ್ನಿಸಿತು. ನನ್ನ ಮಾತನ್ನೇ ತೆಗೆದು, ಇಲ್ಲದ ಒಬ್ಬ ಗದಗಿನವನ ತಲೆಗೆ ಕಟ್ಟಿ, "ನಮ್ಮ ಧಂಧೆದಾಗ ಎಂಥೆಂಥಾ ಹೆಡ್ಡರು ಇರ್ತಾರ್ರಿ" ಅಂತ ಹೇಳಿದ್ದೆ. ತಾರಕ್ಕನ ಪಾತ್ರದಾಕೆಗೆ ನೆತ್ತಿ ಹತ್ತುವಷ್ಟು ನಗಿಸಿದ್ದೆ. ಬೇರೆಯವನ ಹೆಸರಲ್ಲಿ ಹೇಳಿದ್ದಕ್ಕೋ ಏನೋ, ಹೇಳಿದ್ದೇ ಮರೆತಿತ್ತು. ಮರೆತಿತ್ತು ಅನ್ನುವುದಾದರೂ ಖರೆಯೋ ಅಲ್ಲವೋ... ಮಾಸ್ತರನ ಮೇಲೆ ಸಿಟ್ಟು ಮಾಡಲು ಅದು ಮರೆಯಬೇಕಿತ್ತು ನನಗೆ.

ಮಾಸ್ತರ ಆಣೆ ಉಳಿಸಿಕೊಂಡಿದ್ದ. ಆಣೆ ಇಡಿಸಿಕೊಂಡವನೇ ಊರಿಗೆಲ್ಲ ಹಂಚಿದ್ದೆ.

ಗುರುವಾರ, ಶುಕ್ರವಾರ, ಶನಿವಾರ, ರವಿವಾರ. ನಂಬರ್ ನನ್ನ ಅಂಗಿಯ ಕಿಸೆಯಲ್ಲಿತ್ತು. ಒಂದು ಫೋನ್. "ನಾ ಸುಳ್ಳ ಹೇಳೇನ್ರಿ, ಬಂಗಾರದಂಥಾ ಮಂದಿ ಅವರು" ಅಂದರೆ ಮುಗಿಯುತ್ತಿತ್ತು. ಯಾಕೆ ಸುಳ್ಳು ಹೇಳಿದಿ ಅಂತ ಅವರು ಕೇಳಿದರೆ? ಸೀರಿಯಲ್ಲಿನ ಒಂದು ಜೋಕಿಗೆ ಅನ್ನಲೇ? ಇಷ್ಟು ವಯಸ್ಸಿನವನು, ಹತ್ತಾರು ಆಳು ದುಡಿಸುವವನು? ಅವರೂ ನಗುತ್ತಾರೆ — ಅದೊಂದೇ ಹೆದರಿಕೆ. ಒಂದು ಹುಡುಗಿಯ ಬಾಳುವೆಯನ್ನು ತಕ್ಕಡಿಯ ಒಂದು ತಟ್ಟೆಗೆ, ಇಬ್ಬರು ಗುರುತಿಲ್ಲದವರ ನಗುವನ್ನು ಇನ್ನೊಂದು ತಟ್ಟೆಗೆ ಹಾಕಿ ತೂಗಿದೆ. ನಗುವೇ ಭಾರವಾಯಿತು. ಬುಧವಾರದ ಮಾತಿಗೆ ಸಿಟ್ಟು ಕಾರಣ ಅನ್ನಬಹುದು. ಆ ನಾಲ್ಕು ದಿನಕ್ಕೆ ನನ್ನ ಹತ್ತಿರ ಯಾವ ಹೆಸರೂ ಇಲ್ಲ.

ಸೋಮವಾರ ಧಾರವಾಡದಿಂದ, "ಈ ವರ್ಷ ಬ್ಯಾಡಂತೀವ್ರಿ," ಅಂತ ಬಂತು. ಅದಕ್ಕೆ ಏನರ್ಥ ಅಂತ ಎಲ್ಲರಿಗೂ ಗೊತ್ತು.

ಸಂಜೆ ಮಾಸ್ತರ ನನ್ನ ಹತ್ತಿರವೇ ಬಂದ. ಬೇರೆ ಯಾರ ಹತ್ತಿರ ಹೋಗುತ್ತಾನೆ? ಮಡಚಿಟ್ಟ ಜಮಖಾನೆಗಳ ಮೇಲೆ ಕೂತ. ಕೇಳಿದ, "ನಮ್ಮಾಕಿ ಕೈ ನೋಡಿ ಬ್ಯಾಡಂದ್ರೇನೋ ಬಸ್ಯಾ?"

ಅಲ್ಲ ಅನ್ನಬೇಕಿತ್ತು. ಸುಮ್ಮನಾದರೂ ಇರಬೇಕಿತ್ತು. ನಾನು ಅಂದೆ:

"ಇರಬಹುದು."

ಒಂದೇ ಶಬ್ದ. ಅದನ್ನು ಹೇಳಿದಾಗ ನನಗೆ ಹಗುರವಾಯಿತು. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು ನನಗೆ — ಹಗುರವಾಯಿತು ಅನ್ನುವುದನ್ನು. ನನ್ನ ತಪ್ಪು ಹೋಗಿ ಆ ತಾಯಿಯ ಚರ್ಮದ ಮೇಲೆ ಕೂತಿತು.

ಮುಂದೆ ಗಂಡಿನವರು ಬಂದಾಗಲೆಲ್ಲ ಮಾಸ್ತರ ಹೆಂಡತಿಗೆ ಒಳಗೇ ಇರು ಅಂದ. ಎಂದೂ ಹೆಂಡತಿಗೆ ಎತ್ತರದ ದನಿ ತೆಗೆಯದವನು. ಚಹಾ ಕೊಡಲು ನನ್ನ ಗೌರವ್ವಳನ್ನೇ ಕರೆಯುತ್ತಿದ್ದರು. ವೈನಿ ಅಡುಗೆಮನೆಯಲ್ಲಿ ಬಾಗಿಲ ಹಿಂದೆ ತುಂಬುತೋಳಿನ ಕುಪ್ಪಸ ತೊಟ್ಟು ನಿಂತಿರುತ್ತಿದ್ದರಂತೆ. "ತಾಯಿ ಎಲ್ಲದಾರ್ರಿ?" ಅಂತ ಕೇಳಿದವರಿಗೆ "ಮೈಯಾಗ ಆರಾಮಿಲ್ಲ" ಅನ್ನುವುದು. ಬಚ್ಚಿಟ್ಟಿದ್ದು ಹೇಗೋ ತಿಳಿದೇ ತಿಳಿಯುತ್ತಿತ್ತು. ತಿಳಿದ ಮೇಲೆ, ಯಾಕೆ ಬಚ್ಚಿಟ್ಟರು ಅಂತ ಅವರೂ ಹಿಂದೆ ಸರಿಯುತ್ತಿದ್ದರು. ಕೊನೆಗೆ ಸುನಂದಾ, "ನಮ್ಮವ್ವನ್ನ ಒಳಗ ಕುಂಡ್ರಿಸಿ ನಾ ಯಾರ ಮುಂದೂ ಕೂಡ್ರಂಗಿಲ್ಲ," ಅಂದಳು. ಸತ್ತೂರಿನ ಕಡೆ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಹಿಡಿದಳು. ಮಾಸ್ತರ ರಿಟೈರ್ ಆಗಿ ನವನಗರಕ್ಕೆ ಮನೆ ಬದಲಿಸಿದ. ನಾನೇ ನಿಂತು ಸಾಮಾನು ಹೇರಿಸಿದೆ. ಒಳ್ಳೆಯ ನೆರೆಯವ!

ಸೀರಿಯಲ್ ನಿಂತು ವರ್ಷಗಳಾದವು. ಈಗ ಅದು ಮೊಬೈಲಿನಲ್ಲಿ ಚೂರುಚೂರಾಗಿ ತಿರುಗುತ್ತದೆ. ಗುರಸಿದ್ಧಪ್ಪ ಕಾಕಾನ ಆ ಚೂರನ್ನು ನನಗೇ ಕಳಿಸುತ್ತೀರಿ, ಕೆಳಗೆ ನಗುವ ಮುಖ ಹಾಕಿ. ಕಳಿಸಿ. ಅದರಲ್ಲಿ ನನಗೆ ಕಾಣುವುದು ಬೇರೆ ಮನೆ, ಮಾಸ್ತರನದು.

ಇಷ್ಟು ವರ್ಷ ಬಿಟ್ಟು ಈ ಸೋಮವಾರ ಗೌರವ್ವ ಸುದ್ದಿ ತಂದಳು. ಸುನಂದಾಳ ಜೊತೆಗೇ ಕೆಲಸ ಮಾಡುವ ಒಬ್ಬನ ಮನೆಯವರು ರವಿವಾರ ಬರುತ್ತಾರಂತೆ. ಅವಳೇ ಒಪ್ಪಿ ಕರೆದಿದ್ದಾಳೆ.

"ವೈನಿಗೆ ಖುಷಿ ಆಗಿರಬೇಕಲಾ," ಅಂದೆ.

"ಎಲ್ಲೀ ಖುಷಿರಿ? ಮಗಳಿಗೆ ಹೇಳಲಾರದs ಶನಿವಾರ ಹಾವೇರಿಗೆ ತಂಗಿ ಮನಿಗೆ ಹೊಂಟಾರ. 'ಮದಲನೇದ್ದು ನನ್ನಿಂದ ಹೋತು ಗೌರವ್ವಾ, ಇದಾದ್ರೂ ಉಳೀಲಿ' ಅಂದ್ರು. ಚೀಲ ಸುದ್ದಾ ಕಟ್ಟಿ ಇಟ್ಟಾರ."

ಅಂದೇ ಬರೆಯಲು ಕೂತೆ. ಇವತ್ತು ಗುರುವಾರ. ನಾಳೆ ಮುಂಜಾನೆ ನವನಗರಕ್ಕೆ ಹೋಗುತ್ತೇನೆ. ಮಾಸ್ತರನನ್ನು ಹೊರಗೆ ಕರೆದು ಗುಟ್ಟಾಗಿ ಹೇಳುವುದಿಲ್ಲ. ವೈನಿಯ ಎದುರಿಗೇ ಹೇಳುತ್ತೇನೆ. ಸೀರಿಯಲ್ಲಿನಿಂದ ಶುರು ಮಾಡುವುದಿಲ್ಲ, ಅಲ್ಲಿಂದ ಶುರು ಮಾಡಿದರೆ ಅದು ಕಥೆಯಾಗುತ್ತದೆ, ನಾನು ಅದರಲ್ಲಿ ಪಾಪದವನಾಗುತ್ತೇನೆ. ಮೊದಲು ಹೇಳುವುದು ಇಷ್ಟೇ: "ವೈನಿ, ಕೆಡಿಸಿದಾಂವ ನಾನು. ನಿಮ್ಮ ಕೈ ಅಲ್ಲ." ಉಳಿದದ್ದನ್ನು ಅವರು ಕೇಳಿದರೆ ಹೇಳುತ್ತೇನೆ.

ಮಾಸ್ತರ ಕೊರಳಪಟ್ಟಿ ಹಿಡಿಯಬಹುದು, ಹಿಡಿಯಲಿ. ಸುನಂದಾ ಮುಖಕ್ಕೆ ಉಗುಳಬಹುದು. ಕ್ಷಮೆ ಕೇಳುವುದಿಲ್ಲ. ಕೊಟ್ಟರೆ ಅದನ್ನು ಇಟ್ಟುಕೊಳ್ಳಲು ನನ್ನಲ್ಲಿ ಜಾಗವಿಲ್ಲ. ಆ ಮನೆಯ ಬಾಗಿಲು ನನಗೆ ಇನ್ನು ಮುಚ್ಚಿಯೇ ಇರಲಿ. ರವಿವಾರ ಬರುವವರಿಗೆ ಮಾತ್ರ ಅದನ್ನು ವೈನಿಯೇ ತೆಗೆಯಲಿ.