ಎರಡು ಹೆಸರಿನ ಸರ್ವರ್

ಕೊಪ್ಪಳದ ಸುಡುಬಿಸಿಲಿನಲ್ಲೂ ಅವರ ಕೊರಳಿಗೆ ಕಂದು ಬಣ್ಣದ ಮಫ್ಲರ್ ಸುತ್ತಿರುತ್ತಿತ್ತು. ನಮ್ಮ ಆಸ್ಪತ್ರೆಯ ಸರ್ವರ್ ಕೋಣೆಯ ಥಂಡಿಯಲ್ಲಿ ದಿನವಿಡೀ ಕೂತು ಬಂದ ಅಭ್ಯಾಸವದು. ಎಲ್ಲರೂ ಅವರನ್ನು ಸಿಸ್ಟಂ ಸರ್ ಎನ್ನುತ್ತಿದ್ದೆವು. ನಾನು ಗಂಗಾವತಿ ಶಾಖೆಯ ಹೆರಿಗೆ ವಾರ್ಡಿನ ನರ್ಸ್. ಕಂಪ್ಯೂಟರ್ ಕೈಕೊಟ್ಟಿತೆಂದು ಫೋನ್ ಮಾಡಿದರೆ ಅವರದು ಒಂದೇ ಮಾತು: "ಪರದೆ ಮ್ಯಾಲೆ ಏನ್ ಬಂದೈತಿ ಅದನ್ನಷ್ಟ ಓದ್ರಿ ಸಿಸ್ಟರ್. ನಿಮಗೇನ್ ಅನಸ್ತೈತಿ ಅನ್ನೋದನ್ನ ಆಮ್ಯಾಲೆ ಹೇಳ್ರಿ." ನಾನು ತಡವರಿಸಿ ಓದಿ ಮುಗಿಸುವವರೆಗೂ ಕಾಯುತ್ತಿದ್ದರು.

ರಕ್ತದ ವರದಿಗಳೆಲ್ಲ ಕೊಪ್ಪಳದ ಸರ್ವರಿನಲ್ಲಿರುತ್ತಿದ್ದವು. ಬೆಳಿಗ್ಗೆ ಕಂಪ್ಯೂಟರಿಗೆ ಒಮ್ಮೆ ಪಾಸ್‌ವರ್ಡ್ ಕೊಟ್ಟರೆ ಸಾಕು, ವರದಿಯ ಪುಟ ಮತ್ತೇನೂ ಕೇಳದೆ ತೆರೆದುಕೊಳ್ಳುತ್ತಿತ್ತು. ಆಡಳಿತದವರು ಆ ಪುಟಕ್ಕೆ ಹೊಸ ವಿಳಾಸ ಕೊಡಿಸಿದ ಮರುದಿನ, ಹನುಮಸಾಗರದಿಂದ ಬಂದಿದ್ದ ಬಾಣಂತಿಯೊಬ್ಬಳಿಗೆ ಜ್ವರ ಏರಿತು. ಪ್ಲೇಟ್‌ಲೆಟ್ ಎಷ್ಟಿದೆ ನೋಡಿ ಎಂದರು ಡಾಕ್ಟರು. ಪುಟ ಪಾಸ್‌ವರ್ಡ್ ಕೇಳಿತು. ಕೊಟ್ಟೆ. ಮತ್ತೆ ಕೇಳಿತು. ಎಷ್ಟು ಸಲ ಕೊಟ್ಟರೂ ಅದೇ. ಲ್ಯಾಬಿನವರು ಫೋನ್ ಎತ್ತಲಿಲ್ಲ. ವರದಿ ಕಾಗದದಲ್ಲಿ ಬಂದು ತಲುಪುವಷ್ಟರಲ್ಲಿ ಅವಳಿಗೆ ಒಳಗೇ ರಕ್ತಸ್ರಾವ ಶುರುವಾಗಿತ್ತು. ಅವಳು ಉಳಿಯಲಿಲ್ಲ.

"ಕೊಪ್ಪಳದಾಗ ಪುಟ ತೆರೀತೈತಿ. ನೀವು ನೋಡೇ ಇಲ್ಲ," ಎಂದರು ಮ್ಯಾನೇಜರು. ನಾಳೆಯಿಂದ ಬರಬೇಡಿ ಎಂದು ನನ್ನನ್ನು ಮನೆಗೆ ಕಳಿಸಿದರು.

ಸಿಸ್ಟಂ ಸರ್ ಬಸ್ ಹತ್ತಿ ಗಂಗಾವತಿಗೆ ಬಂದು ನನ್ನನ್ನು ವಾರ್ಡಿಗೆ ಕರೆಸಿದರು. "ಅವತ್ತ ಹೆಂಗ ತೆಗೆದಿದ್ರಿ, ಹಂಗ ತೆಗೀರಿ." ತೆಗೆದೆ. ಪಾಸ್‌ವರ್ಡ್ ಕೇಳುವ ಚೌಕ ಬಂತು. ಅವರು ಹಳೆಯ ವಿಳಾಸ ಹಾಕಿದರು, ವರದಿ ತಟ್ಟನೆ ತೆರೆಯಿತು. ಹೊಸದು ಹಾಕಿದರೆ ಮತ್ತೆ ಚೌಕ. ಕೊಪ್ಪಳದವರು ಇನ್ನೂ ಹಳೆಯದನ್ನೇ ಬಳಸುತ್ತಿದ್ದರು. ಸಿಸ್ಟಂ ಸರ್ ಏನೇನೋ ಟೈಪ್ ಮಾಡಿ, ಬಂದ ಸಾಲುಗಳನ್ನು ಓದಿ, ಕೈಯಿಂದ ಮುಖ ಒರೆಸಿಕೊಂಡರು.

"ಸರ್ವರ್ ಒಂದ ಐತ್ರಿ, ಹೆಸರು ಎರಡು. ಒಳಗ ಬಿಡೋಕಿಂತ ಮುಂಚೆ ನಮ್ಮ ಗುರುತಿಗೆ ಖಾತ್ರಿ ಕೊಡೋ ಇನ್ನೊಂದು ಯಂತ್ರ ಐತಿ. ಅದಕ್ಕ ಹಳೆ ಹೆಸರಷ್ಟ ಗೊತ್ತು. ಹೊಸದನ್ನ ಅಲ್ಲಿ ಸೇರಸೋದು ನನ್ನ ಕೆಲಸ. ಮರತೀನಿ."

ಅಲ್ಲೇ ಸೇರಿಸಿ ಸುಮ್ಮನಾಗಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ.

"ಹೇಳಿದ್ರ ನಿಮ್ಮ ನೌಕರಿ ಹೋಗತೈತ್ರಿ ಸರ್," ಎಂದೆ.

"ನಿಮ್ಮದು ಹೋಗೈತಲ್ರಿ," ಎಂದರು.

ಹೇಳಿದರು. ನಾನು ಕೆಲಸಕ್ಕೆ ಮರಳಿದೆ, ಅವರನ್ನು ತೆಗೆದರು. ತೀರಿಕೊಂಡವಳ ಮನೆಯವರಿಗೆ ಏನೂ ಹೇಳಕೂಡದೆಂದು ಆಡಳಿತದವರು ತಾಕೀತು ಮಾಡಿದ್ದರು. ಅದನ್ನು ಮೀರಿ ಸಿಸ್ಟಂ ಸರ್ ಹನುಮಸಾಗರಕ್ಕೆ ಹೊರಟಾಗ ನಾನೂ ಜೊತೆಗೆ ಹೋದೆ. ಅವಳ ತಾಯಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಹಾಲು ಕುಡಿಸುತ್ತಿದ್ದಳು. ಹಾಸಿದ ಕಂಬಳಿಯ ಮೇಲೆ ಕೂರದೆ, ಸರ್ ನಿಂತೇ ಎಲ್ಲ ಹೇಳಿದರು. ಆಕೆಗೆ ಅರ್ಥವಾಗಲು ಹೊತ್ತು ಹಿಡಿಯಿತು.

"ಹೊತ್ತಿಗೆ ಗೊತ್ತಾಗಿದ್ರ ಉಳೀತಿದ್ಲೇನಪಾ?"

"ಉಳೀಬಹುದಿತ್ತವ್ವ. ಖಾತ್ರಿ ಹೇಳಾಕ ಆಗಂಗಿಲ್ಲ."

ಆಕೆ ಕೂಸಿನ ಬಾಯಿ ಒರೆಸಿದಳು. "ಇನ್ನ ಹೋಗ್ರಿ," ಎಂದಳು.

ಆಮೇಲೆ ಯಾವ ಆಸ್ಪತ್ರೆಯೂ ಅವರನ್ನು ಕರೆಯಲಿಲ್ಲ. ತಮ್ಮೂರು ಯಲಬುರ್ಗಾದಲ್ಲಿ ಕಂಪ್ಯೂಟರ್ ರಿಪೇರಿಗೆ ಕೂತರು. ಹೋದ ವರ್ಷ ಎದೆನೋವು ಬಂದು, ಕೊಪ್ಪಳಕ್ಕೆ ಒಯ್ಯುವ ದಾರಿಯಲ್ಲೇ ತೀರಿಕೊಂಡರು.

ಮಣ್ಣಾದ ಮೇಲೆ ನಾನು ಹೋಗಿ ತಲುಪಿದೆ. ಯಾರೆಂದು ಹೇಳಿಕೊಂಡಾಗ ಅವರ ಹೆಂಡತಿ ತಲೆಯೆತ್ತಿ ನೋಡಿದರು.

"ಇನ್ನೂ ಅಲ್ಲೇ ನೌಕರಿ ಮ್ಯಾಲೆ ಅದೀರೇನ್ರಿ?"

"ಅದೀನ್ರಿ."

"ಛಲೋ ಆತು," ಎಂದರು.

ಆ ಮಾತಿನಲ್ಲಿ ನಿಂದೆ ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.