ಚೀರಬೇಡವೆಂದು ನಾನು ಕಲಿಸಿದೆ

ಯುಗಾದಿ ಕಳೆದ ಮರುವಾರ ನನ್ನ ಮಗಳು ನೀಲಾಳ ಎಡ ಮೊಣಕಾಲಿನ ಕೆಳಗೆ ಒಂದು ಗುಳ್ಳೆ ಎದ್ದಿತು. ಕಡಲೆ ಕಾಳಿನಷ್ಟು. ಉರಿಯುತ್ತದೆ ಎಂದಳು. ಅವಳ ತಾಯಿ ತಣ್ಣೀರು ಹಾಕಿದಳು. ಮರುದಿನ ಗುಳ್ಳೆ ಒಡೆಯಿತು. ಒಳಗಿನಿಂದ ಬಿಳಿ ದಾರದಂಥದೊಂದು ತುದಿ ಕಂಡಿತು.

ನಾರುಹುಣ್ಣು.

ತಾವರಗೇರಾದಲ್ಲಿ ಈ ಹೆಸರಿಗೆ ಯಾರೂ ಬೆಚ್ಚುವುದಿಲ್ಲ. ಬೇಸಿಗೆಯಲ್ಲಿ ಓಣಿಗೊಬ್ಬರಾದರೂ ಕಾಲಿಗೆ ಬಟ್ಟೆ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಾರೆ. ಮೆಟ್ಟಿಲು ಬಾವಿಯ ನೀರಿನೊಡನೆ ಹೊಟ್ಟೆಗೆ ಹೋದ ಹುಳು ವರ್ಷ ಕಳೆದು, ಮೊಳದುದ್ದ ಬೆಳೆದು, ಚರ್ಮ ಒಡೆದು ಹೊರಬರುತ್ತದೆ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಬೇಕೆಂದು ನಾನೇ ಪತ್ರಿಕೆಗೆ ಬರೆದಿದ್ದೆ. ಅದು ಅಚ್ಚೂ ಆಗಿತ್ತು. ನಮ್ಮ ಮನೆಯಲ್ಲಿ ಸೋಸುತ್ತಿರಲಿಲ್ಲ.

ನಾನು ಹುಬ್ಬಳ್ಳಿಯ ಒಂದು ವಾರಪತ್ರಿಕೆಯ ಕಚೇರಿಯಲ್ಲಿ ಕೆಲವು ವರ್ಷ ದುಡಿದವನು. ತಂದೆ ತೀರಿದ ಮೇಲೆ ಊರಿಗೆ ಬಂದು ಹೊಲಮನೆ ನೋಡಿಕೊಳ್ಳುತ್ತ, ನಿಜಾಮ್ ಸೀಮೆಯ ಸುದ್ದಿಗಳನ್ನು ಅಂಚೆಯಲ್ಲಿ ಕಳುಹಿಸುತ್ತಿದ್ದೇನೆ. ಆ ಕಚೇರಿಗೆ ವಿಮರ್ಶೆಗೆಂದು ಬಂದ ಒಂದು ಇಂಗ್ಲಿಷ್ ಪುಸ್ತಕ ನನ್ನ ಪಾಲಿಗೆ ಬಿದ್ದಿತ್ತು. ಗ್ರೀಸ್, ರೋಮ್ ಕಡೆಯ ಸ್ಟೋಯಿಕ್ ಚಿಂತಕರ ಕುರಿತದ್ದು. ನಮ್ಮ ಕೈಯಲ್ಲಿರುವುದು ಯಾವುದು, ಇಲ್ಲದ್ದು ಯಾವುದು ಎಂದು ಬೇರ್ಪಡಿಸಿಕೊಳ್ಳಬೇಕು. ಇಲ್ಲದ್ದರ ಬಗ್ಗೆ ಮನಸ್ಸು ಕೆಡಿಸಿಕೊಳ್ಳಬಾರದು ಎಂಬುದು ಅವರ ಮತ. ವರದಿ ಅಚ್ಚಾಗದೆ ಹೋದಾಗ, ನನ್ನ ಅಂಚೆಯನ್ನು ಯಾರೋ ಒಡೆದು ಓದಿದ ಗುರುತು ಕಂಡಾಗ ಆ ಮಾತು ನನಗೆ ನೆರವಾಗಿತ್ತು. ಅಲ್ಲಿಗೇ ಅದನ್ನು ಬಿಟ್ಟಿದ್ದರೆ ಆಗುತ್ತಿತ್ತು.

ನಾರು ಸುತ್ತಲು ಖಾಜಾಬಿ ಬಂದಳು. ಅರವತ್ತು ದಾಟಿದ ಮುದುಕಿ. ಊರಿನ ಅರ್ಧ ಜನರ ಕಾಲು ಅವಳ ಕೈಯಲ್ಲಿ ಹಾದುಹೋಗಿದೆ. ಹುಳುವಿನ ತುದಿಯನ್ನು ಬೇವಿನ ಕಡ್ಡಿಗೆ ಸಿಕ್ಕಿಸಿ, ದಿನಕ್ಕೆ ಎರಡು ಬೆರಳಿನಷ್ಟು ಸುತ್ತಿ, ಕಡ್ಡಿಯನ್ನು ಕಾಲಿಗೇ ಕಟ್ಟಿ ಹೋಗುವುದು ಅವಳ ಕ್ರಮ. ಪೂರ್ತಿ ಹೊರಬರಲು ಮೂರು ವಾರ, ಒಮ್ಮೊಮ್ಮೆ ತಿಂಗಳು. ನಡುವೆ ಹರಿಯಬಾರದು. ಹರಿದರೆ ಒಳಗುಳಿದದ್ದು ಕೊಳೆತು ಕಾಲು ಹೋಗುತ್ತದೆ, ಕೆಲವೊಮ್ಮೆ ಜೀವವೂ.

ಮೊದಲ ನಾಲ್ಕು ದಿನ ನೀಲಾ ಚೀರಿದಳು. ಹನ್ನೆರಡರ ಹುಡುಗಿ, ಗಟ್ಟಿ ಗಂಟಲು. ನೆರೆಯವರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅವಳು ಚೀರಿದಾಗಲೆಲ್ಲ ಖಾಜಾಬಿ ಕೈ ನಿಲ್ಲಿಸಿ, ಎಳೆ ಸಡಿಲಿಸಿ, ಏನೋ ಹರಟುತ್ತ ಕೂರುತ್ತಿದ್ದಳು. ಮುದುಕಿಗೆ ಮರುಕ ಹೆಚ್ಚು ಎಂದುಕೊಂಡೆ. ನನಗೆ ಆ ಚೀರಾಟ ಸರಿಬರಲಿಲ್ಲ.

ನಾಲ್ಕನೆಯ ದಿನ ಸಂಜೆ ಮಗಳ ಪಕ್ಕದಲ್ಲಿ ಕೂತು ಪಾಠ ಹೇಳಿದೆ. ನೋವು ನಿನ್ನ ಕೈಯಲ್ಲಿಲ್ಲ. ಚೀರುವುದು, ಬಿಡುವುದು ನಿನ್ನ ಕೈಯಲ್ಲಿದೆ. ಅವಳು ಗಮನವಿಟ್ಟು ಕೇಳಿದಳು. ನನ್ನ ಮಾತನ್ನು ಅಷ್ಟು ಗಮನದಿಂದ ಕೇಳುವವರು ಮನೆಯಲ್ಲಿ ಅವಳೊಬ್ಬಳೇ. ನನ್ನ ಹೆಂಡತಿ ಬಸಮ್ಮ ಒಲೆಯ ಮುಂದಿನಿಂದಲೇ, ಹಲ್ಲುನೋವು ಬಂದಾಗ ನಿಮ್ಮಪ್ಪನ ದನಿ ಸಂತೆಯವರೆಗೂ ಕೇಳಿತ್ತು ಎಂದು ಮಗಳಿಗೆ ನೆನಪಿಸಿದಳು.

ಐದನೆಯ ದಿನ ನೀಲಾ ಚೀರಲಿಲ್ಲ. ತುಟಿ ಕಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಮೆಚ್ಚುಗೆಯಿಂದ ತಲೆಯಾಡಿಸಿದೆ. ಖಾಜಾಬಿ ಎರಡು ಸುತ್ತು ಸುತ್ತಿದಳು. ಮೂರನೆಯದು. ನಾಲ್ಕನೆಯದು.

ಹರಿಯಿತು.

"ಯಾಕ ಚೀರಲಿಲ್ಲ ಮಗಳ?" ಖಾಜಾಬಿ ಕಡ್ಡಿಯನ್ನು ಕೆಳಗಿಟ್ಟಳು. "ನೀ ಚೀರಿದ್ರ ನಾ ಕೈ ಬಿಡತಿದ್ನಲ್ಲ."

"ಅಪ್ಪ ಬ್ಯಾಡ ಅಂದಾನ," ಎಂದಳು ನೀಲಾ.

ಮುದುಕಿ ನನ್ನತ್ತ ತಿರುಗಿದಳು. "ಅಣ್ಣಾರ, ನನ್ನ ಕಣ್ಣಿಗೆ ಆ ಎಳಿ ಎಲ್ಲಿ ಕಾಣತೈತ್ರಿ? ಮಂದಿ ಚೀರೂದ ಕೇಳೇ ನಾ ಸುತ್ತಾಕಿ. ಎಳಿ ಬಿಗಿ ಆತಂದ್ರ ಚೀರತಾರ. ಅಲ್ಲಿಗೆ ಬಿಡೂದು."

ನಾಲ್ಕು ದಿನ ಅಲ್ಲೇ ನಿಂತು ನೋಡಿದವನು ನಾನು. ಯಾಕೆ ಎಂದು ಕೇಳದೆ ಒಂದು ಸಾಲೂ ಬರೆಯಬಾರದೆಂದು ಕಚೇರಿಯಲ್ಲಿ ಹೊಸಬರಿಗೆ ಕಲಿಸಿದವನು. ಚೀರಿದಾಗ ಯಾಕೆ ಕೈ ನಿಲ್ಲಿಸುತ್ತೀ ಎಂದು ಅವಳನ್ನು ಕೇಳಿರಲಿಲ್ಲ.

ಮೂರೇ ದಿನದಲ್ಲಿ ಮೊಣಕಾಲು ಊದಿ ಹೊಳೆಯತೊಡಗಿತು. ಜ್ವರ ಬಂತು. ಚಕ್ಕಡಿಯಲ್ಲಿ ಹುಲ್ಲು ಹಾಸಿ, ಕನಕಗಿರಿಯ ದಾರಿ ಹಿಡಿದು ಗಂಗಾವತಿಯ ದವಾಖಾನೆಗೆ ಹೊರಟೆವು. ಗಾಲಿ ಕಲ್ಲು ಹತ್ತಿ ಇಳಿದಾಗಲೆಲ್ಲ ಅವಳ ಬಾಯಿಂದ ಒಂದು ಸದ್ದು ಬರಲಿ ಎಂದು ಕಾದೆ. ಬರಲಿಲ್ಲ.

ಡಾಕ್ಟರು ಸೆಪ್ಟಿಕ್ ಎಂದರು. ಕೀವು ಎಲುಬಿಗೆ ಇಳಿದಿದ್ದರೆ ಕಾಲು ತೆಗೆಯಬೇಕು, ಆಂಪ್ಯುಟೇಷನ್. ಇಳಿದಿರದಿದ್ದರೆ ಆಪರೇಷನ್ ಮಾಡಿ ನೋಡಬಹುದು. ಯುದ್ಧದ ದಿನಗಳು, ಪ್ರಜ್ಞೆ ತಪ್ಪಿಸುವ ಕ್ಲೋರೋಫಾರ್ಮ್ ಬಂದಿರಲಿಲ್ಲ. ಎಲ್ಲಿ ಕೊಯ್ಯಬೇಕೆಂದು ತಿಳಿಯಲು ಅವರು ಮೊಣಕಾಲಿನ ಸುತ್ತ ಬೆರಳಿಂದ ಒತ್ತುತ್ತ ಬಂದರು. ನೀಲಾ ಗೋಡೆ ನೋಡುತ್ತ ಮಲಗಿದ್ದಳು.

"ಅರೆ ಬೇಟಿ, ನೀ ಹೇಳಲಿಲ್ಲಂದ್ರ ನಾ ಎಲ್ಲಿ ಕೊಯ್ಲಿ?" ಎಂದರು ಡಾಕ್ಟರು.

ನಾನು ಬಾಗಿ, ಚೀರು ಮಗಳೆ ಎಂದೆ. ಬೇಡಿಕೊಂಡೆ.

"ಚೀರೂದು ಬಿಡೂದು ನನ್ನ ಕೈಯಾಗೈತಿ ಅಂದಿದ್ದಿ," ಎಂದಳು.

ಅದು ಹಟವೋ, ಸಿಟ್ಟೋ, ಕಲಿತ ಪಾಠವೋ ನನಗೆ ಈಗಲೂ ಗೊತ್ತಿಲ್ಲ.

ಬಸಮ್ಮ ನನ್ನನ್ನು ಮಂಚದ ಬಳಿಯಿಂದ ಸರಿಸಿದಳು. "ನೀವು ಹೊರಗ ನಡೀರಿ. ಕಲಿಸಿದ್ದು ಸಾಕು." ನಾನು ಬಾಗಿಲಾಚೆ ನಿಂತು ನೋಡಿದೆ. ಅವಳು ತನ್ನ ಎರಡು ಬೆರಳನ್ನು ಮಗಳ ಮುಷ್ಟಿಯೊಳಗೆ ಇಟ್ಟಳು.

"ಎಲ್ಲಿ ನೋವಾಗತೈತಿ ಅಲ್ಲಿ ಹಿಚುಕವ್ವ. ಚೀರೂದು ನಾ ಚೀರತೀನಿ."

ಡಾಕ್ಟರು ಮತ್ತೆ ಒತ್ತತೊಡಗಿದರು. ಮೊಣಕಾಲಿನ ಒಳಮಗ್ಗುಲಿಗೆ ಬಂದಾಗ ಬಸಮ್ಮ ಚೀರಿದಳು. ದವಾಖಾನೆಯ ಅಂಗಳದಲ್ಲಿ ಕೂತವರೆಲ್ಲ ಎದ್ದು ನಿಂತರು. ಡಾಕ್ಟರು ಅಲ್ಲೇ ಕೊಯ್ದರು. ಕೀವಿನೊಡನೆ ಹರಿದ ಹುಳುವಿನ ತುಂಡೂ ಬಂತು. ಎಲುಬು ಉಳಿದಿತ್ತು. ಬಸಮ್ಮನ ಬೆರಳುಗಳು ವಾರಗಟ್ಟಲೆ ಬಾತುಕೊಂಡಿದ್ದವು.

ಡ್ರೆಸ್ಸಿಂಗ್ ನಡೆದ ದಿನಗಳಲ್ಲಿ ನನಗೆ ಬಿಡುವು ಬಹಳವಿತ್ತು. ಆ ಹಳೆಯ ಚಿಂತಕರನ್ನು ಬೈಯುತ್ತ ಕಾಲ ಕಳೆಯಬಹುದಿತ್ತು, ಆದರೆ ಅದು ಸುಳ್ಳಾಗುತ್ತಿತ್ತು. ಅವರು ತಮ್ಮ ಮನಸ್ಸನ್ನು ತಾವು ಆಳಬೇಕೆಂದವರು. ನಾನು ಇನ್ನೊಬ್ಬರ ನೋವನ್ನು ಆಳಲು ಹೋದೆ. ಮಗಳ ಚೀರಾಟವನ್ನು ಸಹಿಸುವುದು ನನ್ನ ಕೈಯಲ್ಲಿತ್ತು. ಅದೊಂದು ನನ್ನಿಂದ ಆಗಲಿಲ್ಲ. ನೆರೆಯವರ ಮುಂದೆ ನಾಚಿಕೆಯಾಗಿ, ಆ ನಾಚಿಕೆಗೆ ತತ್ವದ ಹೆಸರಿಟ್ಟು, ಅದನ್ನು ಅವಳ ತಲೆಗೆ ಕಟ್ಟಿದೆ. ಅವಳು ನನಗಿಂತ ಚೆನ್ನಾಗಿ ಪಾಲಿಸಿದಳು.

ಊರಲ್ಲಿ ಕೆಲವರು ಖಾಜಾಬಿಯ ಕೈ ಕೆಟ್ಟಿತು ಎನ್ನುತ್ತಿದ್ದಾರೆ. ಅವಳನ್ನು ಕರೆಯುವವರು ಕಡಿಮೆಯಾಗಿದ್ದಾರೆ. ಅದು ತಪ್ಪು ಸುದ್ದಿ. ಇದನ್ನು ಬರೆಯಲು ಅದೂ ಒಂದು ಕಾರಣ.

ಮರಳಿ ಬಂದು ತಿಂಗಳಾಯಿತು. ಕಾಲು ಉಳಿದಿದೆ. ಮೊಣಕಾಲು ಮಡಚುವುದಿಲ್ಲ, ಮುಂದೆಯೂ ಮಡಚುವ ಭರವಸೆ ಇಲ್ಲವೆಂದಿದ್ದಾರೆ ಡಾಕ್ಟರು. ಊಟಕ್ಕೆ ಕೂತಾಗ ಅವಳ ಕಾಲು ನೆಟ್ಟಗೆ ಚಾಚಿರುತ್ತದೆ. ನಾವು ಸುತ್ತಿ ಬಳಸಿ ಓಡಾಡುತ್ತೇವೆ. ಸಂಜೆ ಹೊತ್ತು ಸೆಳೆತ ಬಂದರೆ ತಾಯಿಯನ್ನು ಕೂಗುತ್ತಾಳೆ. ಬಸಮ್ಮ ಬಿಸಿ ಎಣ್ಣೆ ತೆಗೆದುಕೊಂಡು ಹೋಗುತ್ತಾಳೆ. ನಾನು ಹತ್ತಿರ ಹೋಗಿ ನೋವೇ ಎಂದು ಕೇಳಿದರೆ, ಏನೂ ಇಲ್ಲಪ್ಪಾ ಎನ್ನುತ್ತಾಳೆ.

ಕೂಗುತ್ತಾಳಲ್ಲ, ಅಷ್ಟು ಸಾಕು. ಕೂಗುವುದು ನನ್ನನ್ನಲ್ಲ ಎಂಬುದನ್ನು ಸಹಿಸಲು ಕಲಿಯುತ್ತಿದ್ದೇನೆ.