ಸಾವಿನ ಮನೆಯಲ್ಲಿ ನಕ್ಕವಳು

ನನ್ನ ಮುಖಕ್ಕೊಂದು ರೋಗವಿದೆ. ಗಾಬರಿಯಾದರೆ ನಗು ಬರುತ್ತದೆ. ಶಾಲೆಯಲ್ಲಿ ಟೀಚರು ಬೈಯುವಾಗಲೂ ಬಂದು, ಇನ್ನೆರಡು ಏಟು ಹೆಚ್ಚಿಗೆ ತಿನ್ನಿಸಿತ್ತು. ಹಿಂದೂಪುರದ ನಮ್ಮ ಬೀದಿಯಲ್ಲಿ ಮಗ್ಗದ ಸದ್ದು ನಿಂತರೂ ನನ್ನ ಹಲ್ಲು ಮುಚ್ಚುವುದಿಲ್ಲವೆಂದು ಅಮ್ಮ ಹೇಳುತ್ತಾಳೆ. "ನಗೋ ಹೆಂಗಸ್ನ, ಅಳೋ ಗಂಡಸ್ನ ನಂಬಬಾರ್ದು" ಎಂಬ ಗಾದೆಯನ್ನು ನಮ್ಮ ಮನೆಯಲ್ಲಿ ನನಗೆಂದೇ ಇಟ್ಟುಕೊಂಡಿದ್ದಾರೆ.

ನಾನು ಡಿಗ್ರಿ ಓದುತ್ತಿದ್ದಾಗ ಕಲ್ಯಾಣದುರ್ಗದಲ್ಲಿ ದೊಡ್ಡಪ್ಪ, ಅಂದರೆ ಅಮ್ಮನ ಅಕ್ಕನ ಗಂಡ, ತೀರಿಕೊಂಡರು. ಈ ರೋಗಕ್ಕೆ ಹೆದರಿಯೇ ನನ್ನನ್ನು ಮಣ್ಣಿಗೆ ಕರೆದುಕೊಂಡು ಹೋಗಲಿಲ್ಲ. ನಾಲ್ಕನೇ ದಿನ ಫೋನ್ ಬಂತು. ದೊಡ್ಡಮ್ಮನಿಗೆ ಒಂದು ತುತ್ತೂ ಇಳಿಯುತ್ತಿಲ್ಲ, ನನ್ನನ್ನು ಕೇಳುತ್ತಿದ್ದಾಳೆ ಎಂದು. ಅಕ್ಕನೂ ಭಾವನ ಹಿಂದೆಯೇ ಹೊರಟುಬಿಡುತ್ತಾಳೇನೋ ಎಂದು ಅಮ್ಮನಿಗೆ ಜೀವ ಬಾಯಿಗೆ ಬಂತು. ಬೇರೆ ದಾರಿಯಿಲ್ಲದೆ ನನ್ನನ್ನೂ ಹೊರಡಿಸಿದಳು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಅಳುವ ಪಾಠ.

"ಒಳಕ್ಕೆ ಹೋದೇಟ್ಗೆ ಸೆರಗು ಬಾಯಿಗಿಡು. ತಲೆ ಎತ್ತಬೇಡ. ದೊಡ್ಡಮ್ಮನ್ನ ತಬ್ಕೊಂಡು ಜೋರಾಗಿ ಅಳು. ಮನಸಾರೆ ಅತ್ಬುಟ್ರೆ ಆಮೇಲೆ ಅವ್ಳೂ ಉಣ್ತಾಳೆ."

"ನಾನು ಚೂಡಿದಾರ್ ಹಾಕಿದೀನಿ ಕಣಮ್ಮ. ಸೆರಗೆಲ್ಲಿ ತರ್ಲಿ?"

"ದುಪಟ್ಟಾ ಐತಲ್ಲ, ಅದನ್ನೇ ತುರ್ಕು."

ಈ ವಿದ್ಯೆಯಲ್ಲಿ ಅಮ್ಮ ಪಂಡಿತೆ. ಆಟೋ ಇಳಿದವಳೇ ಬೀದಿಯ ತುದಿಯಲ್ಲೇ ಶುರು ಮಾಡಿದಳು. ಬಾಗಿಲು ದಾಟುವ ಹೊತ್ತಿಗೆ ಸೂರು ಹಾರುವಂತಿತ್ತು. ಮೂಲೆಯ ಚಾಪೆಯಿಂದ ದೊಡ್ಡಮ್ಮ ಎದ್ದು ಅವಳನ್ನು ತಬ್ಬಿಕೊಂಡಳು. ಸುತ್ತ ಕೂತಿದ್ದ ಹೆಂಗಸರೂ ಸೇರಿಕೊಂಡರು. ಚಾಪೆಯ ಪಕ್ಕದ ತಟ್ಟೆಯಲ್ಲಿ ಕಲಸಿಟ್ಟ ಅನ್ನ ಹಾಗೇ ಒಣಗುತ್ತಿತ್ತು. ಆಮೇಲೆ ದೊಡ್ಡಮ್ಮ ನನ್ನತ್ತ ಕೈ ಚಾಚಿದಳು. ಅಷ್ಟೂ ಜನರ ಕಣ್ಣು ನನ್ನ ಮೇಲೆ. ಗಾಬರಿಯಾಯಿತು. ದುಪಟ್ಟಾ ಜಾರಿತು, ಹಲ್ಲೆಲ್ಲ ಕಂಡವು.

"ಸೂಡಮ್ಮಾ, ಈ ಪಿಲ್ಲ ನಗುತಾಂದಿ!" ಎಂದಳು ಪಕ್ಕದ ಮನೆಯವಳು. ಈ ಹುಡುಗಿ ನಗುತ್ತಿದ್ದಾಳೆ ನೋಡಿ ಎಂಬ ಆ ತೆಲುಗಿಗೆ ನಮ್ಮ ಕಡೆ ಯಾರೂ ಅರ್ಥ ಹೇಳಬೇಕಿಲ್ಲ. ಅಳು ಗಕ್ಕನೆ ನಿಂತಿತು. ಅಮ್ಮ ನನ್ನ ತೋಳು ಚಿವುಟಿದಳು, ನಗು ಇನ್ನಷ್ಟು ಅಗಲವಾಯಿತು. ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು.

ದೊಡ್ಡಮ್ಮ ನನ್ನನ್ನೇ ದಿಟ್ಟಿಸಿದಳು. ಅವಳ ತುಟಿ ಒಂದು ಪಕ್ಕಕ್ಕೆ ಸೊಟ್ಟಗಾಯಿತು. ಥಟ್ಟನೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ತಲೆ ತಿರುಗ್ತೈತೆ, ಒಳಕ್ಕೆ ಕರ್ಕೊಂಡು ಹೋಗೇ" ಎಂದು ನನ್ನ ಕೈ ಹಿಡಿದಳು.

ಒಳಗಿನ ಕೋಣೆಯ ಬಾಗಿಲು ಹಾಕಿದ ಮೇಲೆ ಸೆರಗು ತೆಗೆದಳು. ನಗುತ್ತಿದ್ದಳು.

"ಬ್ಯಾಗ್ನಾಗೆ ತಿನ್ನಾಕೆ ಏನಾದ್ರೂ ಐತೇನೇ?"

ನನ್ನ ಹೆಗಲಲ್ಲೇ ಇದ್ದ ಬ್ಯಾಗಿನಲ್ಲಿ ಬಸ್ಸಿಗೆಂದು ಅಮ್ಮ ಕಟ್ಟಿಕೊಂಡಿದ್ದ ಚಿತ್ರಾನ್ನವಿತ್ತು. ಸೂತಕದ ಮನೆಯಲ್ಲಿ ಒಗ್ಗರಣೆಯ ಮಾತೇ ಎತ್ತುವ ಹಾಗಿಲ್ಲ. ಡಬ್ಬಿ ತೆರೆದರೆ ಸಾಸಿವೆ, ಕರಿಬೇವಿನ ಘಮ ಕೋಣೆಯೆಲ್ಲ ತುಂಬಿತು. ನಾನು ಕಳ್ಳಿಯ ಹಾಗೆ ಕಿಟಕಿ ಮುಚ್ಚಿದೆ. ದೊಡ್ಡಮ್ಮ ಗಬಗಬನೆ ತಿಂದಳು.

"ತುತ್ತು ಇಳೀತಿಲ್ಲ ಅಂದ್ರಲ್ಲ ದೊಡ್ಡಮ್ಮ?"

"ಇಳಿಯಾಕೆ ಬಿಟ್ರೆ ತಾನೇ? ಕೈ ಬಾಯ್ಗೆ ಹೋಗಾಷ್ಟ್ರಲ್ಲಿ ಒಂದು ಜೀಪು ಬತ್ತೈತೆ. ಬಂದೋರು ತಬ್ಕೊಂತಾರೆ, ಮೊದ್ಲಿಂದ ಅಳ್ಬೇಕು. ಅವ್ರು ಹೋದ್ರೆ ಇನ್ನೊಂದು ಜೀಪು. ಉಂಡ್ರೆ, ಗಂಡ ಸತ್ರೂ ಹೆಂಗ್ ತಿಂತಾಳೆ ನೋಡು ಅಂತಾರೆ."

ಆಮೇಲೆ ಬಂದುಹೋದವರ ವರದಿ ಶುರುವಾಯಿತು. ಒಬ್ಬಳು ತಬ್ಬಿಕೊಂಡು ಅಳುತ್ತಲೇ, ಬೆನ್ನ ಹಿಂದೆ ದೊಡ್ಡಮ್ಮನ ಸೀರೆಯನ್ನು ಬೆರಳಲ್ಲಿ ಉಜ್ಜಿ ನೂಲು ಎಂಥದೆಂದು ನೋಡಿದಳಂತೆ. ನೇಯುವ ಮನೆಯವಳಲ್ಲವೇ, ಚಾಳಿ ಎಲ್ಲಿ ಹೋಗುತ್ತದೆ! ಇನ್ನೊಬ್ಬಳು ನಡುವೆ ಫೋನ್ ಬಂದಾಗ "ಟೊಮೇಟೊ ಲೋಡಾಯ್ತಾ?" ಎಂದು ಕೇಳಿ, ಬಿಟ್ಟಲ್ಲಿಂದಲೇ ಅಳು ಮುಂದುವರಿಸಿದಳಂತೆ. ದೊಡ್ಡಮ್ಮ ಇಬ್ಬರನ್ನೂ ಅಣಕಿಸಿ ತೋರಿಸಿದಳು. ನಾವು ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕೆವು.

ಇದ್ದಕ್ಕಿದ್ದಂತೆ ಅವಳ ಕೈ ಡಬ್ಬಿಯಲ್ಲೇ ನಿಂತಿತು.

"ನಾಕು ದಿನದಿಂದ ಇವನ್ನೆಲ್ಲ ಜ್ಞಾಪಕ ಇಟ್ಕೊಂತಾ ಇದೀನಿ ಕಣೇ. ಸಂಜೆಗೆ ನಿಮ್ಮ ದೊಡ್ಡಪ್ಪಂಗೆ ಹೇಳಾನ ಅಂತ."

ಅಷ್ಟು ಹೇಳಿ ಅತ್ತಳು. ಸದ್ದೇ ಇರಲಿಲ್ಲ. ಅವಳ ಬೆನ್ನು ಸವರುತ್ತಾ ಕೂತೆ.

ಹೊರಗೆ ಪಕ್ಕದ ಊರು ಬ್ರಹ್ಮಸಮುದ್ರದ ಕಡೆಯ ಜೀಪು ಹಾರನ್ ಹೊಡೆಯಿತು. ದೊಡ್ಡಮ್ಮ ಬಾಯಿ ಒರೆಸಿಕೊಂಡು ಎದ್ದಳು.

"ಮಿಕ್ಕಿದ್ದು ಮುಚ್ಚಿಡು, ಆಮ್ಯಾಕೆ ತಿಂತೀನಿ. ಇವತ್ತು ಊರಿಗೆ ಹೋಗ್ಬೇಡ. ಆ ಬಾಗ್ಲು ತಾವ, ನಂಗೆ ಕಾಣೋ ಹಂಗೆ ಕೂತ್ಕೊ."

ಕೂತೆ. ಹೊಸದಾಗಿ ಬಂದವರು ತಬ್ಬಿಕೊಂಡು ಗೋಳಾಡುತ್ತಿದ್ದಾಗ, ದೊಡ್ಡಮ್ಮ ಅವರ ಹೆಗಲ ಮೇಲಿಂದ ನನ್ನನ್ನು ಹುಡುಕಿದಳು. ಪಕ್ಕದಲ್ಲೇ ಅಮ್ಮ ಕಣ್ಣು ಕೆಕ್ಕರಿಸಿಕೊಂಡು ಕೂತಿದ್ದಳು. ನನಗೆ ಆಗ ನಿಜವಾಗಿಯೂ ಅಳು ಬಂದಿತ್ತು. ಆದರೂ ನಕ್ಕೆ, ಹಲ್ಲು ಕಾಣುವ ಹಾಗೆ.